ಹಾರ್ಡ್ ಡಿಸ್ಕ್ ಗೆಳೆಯನದು, ಹಾಡು ಯಾರದು? ಹಾಸನದ ಒಂದು ಅರೆಬರೆ ಆಲ್ಬಮ್ಮಿನ ಪ್ರಕರಣ

ರಾಪ್ ಹಾಡುತ್ತಿದ್ದ ಹುಡುಗನೊಬ್ಬ ಹಾಸನದ ಹೊರಗೆ ಬಿ.ಎಂ. ರಸ್ತೆಯಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ. ಮದುವೆಯಾಗಿರಲಿಲ್ಲ, ಉಯಿಲು ಬರೆದಿಡುವ ವಯಸ್ಸಂತೂ ಅಲ್ಲ. ಒಂಬತ್ತು ಹಾಡುಗಳ ಆಲ್ಬಮ್ ಅರ್ಧಕ್ಕೆ ನಿಂತಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 1ರ ಬೆಳಿಗ್ಗೆ, ಅದರಲ್ಲಿ ಏಳು ಹಾಡುಗಳು ಅವನದೇ ಹೆಸರಿನಲ್ಲಿ, ಅವನದೇ ಪ್ರೊಫೈಲಿನಲ್ಲಿ, ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಎಲ್ಲ ಕಡೆ ಬಂದವು. ಬಿಟ್ಟವನು ಅವನ ಹಾಡಿಗೆ ಬೀಟ್, ಅಂದರೆ ಹಿನ್ನೆಲೆಯ ಸಂಗೀತ, ಮಾಡಿಕೊಡುತ್ತಿದ್ದ ಗೆಳೆಯ. ಮನೆಯವರಿಗೆ ಒಂದು ಮಾತೂ ಹೇಳಿರಲಿಲ್ಲ. ತಾಯಿಗೆ ಗೊತ್ತಾದದ್ದು ಅಕ್ಕನ ಮಗಳ ವಾಟ್ಸಾಪ್ ಸ್ಟೇಟಸ್ ನೋಡಿ.

ಈ ಪ್ರಕರಣದಲ್ಲಿ ನಾನು ತಾಯಿಯ ಕಡೆಯ ವಕೀಲ. ನನ್ನ ಒಲವು ಎತ್ತ ಎಂಬುದನ್ನು ಓದುವವರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎರಡೂ ಕಡೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಹಾಡಿನ ಶೀರ್ಷಿಕೆ, ಬೀದಿ, ಗುರುತು ಹತ್ತುವಂಥ ಎಲ್ಲವನ್ನೂ ಬಿಟ್ಟಿದ್ದೇನೆ.

ಬಿಗ್ ಬಾಸ್ ಗೆದ್ದ ಚಂದನ್ ಶೆಟ್ಟಿ ನಮ್ಮ ಜಿಲ್ಲೆಯವರು ಎಂಬ ಹೆಮ್ಮೆ ಇಲ್ಲಿನ ಹುಡುಗರಿಗೆ ಇದ್ದೇ ಇದೆ. ಕನ್ನಡದ ರಾಪರ್‌ಗಳಾದ ಆಲ್ ಓಕೆ, ರಾಹುಲ್ ಡಿಟ್-ಓ ಅವರ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಹುಡುಗರು ಸಾಲಗಾಮೆ ರಸ್ತೆಯ ಕಾಲೇಜುಗಳಲ್ಲಿ ತರಗತಿಗೊಬ್ಬರಾದರೂ ಸಿಗುತ್ತಾರೆ. ಇವರಿಗೆ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ, ಕರಾರುಪತ್ರವಂತೂ ಇಲ್ಲವೇ ಇಲ್ಲ. ಒಬ್ಬನ ಹತ್ತಿರ ಮೈಕ್ ಇರುತ್ತದೆ, ಇನ್ನೊಬ್ಬನ ಹತ್ತಿರ ಮಾತು. ಮನೆಯ ಮೇಲಿನ ರೂಮಿನ ಕಿಟಕಿಗೆ ಕಂಬಳಿ ಕಟ್ಟಿದರೆ ಸ್ಟುಡಿಯೋ ಆಯಿತು. ಎಲ್ಲರೂ ಬದುಕಿರುವವರೆಗೆ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ.

ತಾಯಿ ನನ್ನ ಆಫೀಸಿಗೆ ಬರುವ ಮೊದಲೇ ತಂದೆ ಠಾಣೆಗೆ ಹೋಗಿ ಬಂದಿದ್ದರು. "ಇದು ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗಿ" ಅಂದು ಕಳಿಸಿದ್ದರು. ಕಾನೂನಿನ ಪ್ರಕಾರ ಆ ಮಾತು ನಿಲ್ಲುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ 63ನೇ ಕಲಮಿನ ಅಪರಾಧಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆಯಿದೆ, ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಜಾಮೀನುರಹಿತ ಅಪರಾಧ ಅದು ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಆ ದಾರಿ ಹಿಡಿಯುವುದು ಬೇಡವೆಂದು ನಾನೇ ತಡೆದೆ. ಮಗನ ಹೆಣಕ್ಕೆ ಹೆಗಲು ಕೊಟ್ಟ ಹುಡುಗನನ್ನು ಆ ಹಾಡಿನ ನೆಪದಲ್ಲೇ ಜೈಲಿಗೆ ಕಳಿಸಿದರೆ ಆಮೇಲೆ ಮಾತುಕತೆ ಎಂಬುದೇ ಉಳಿಯುವುದಿಲ್ಲ. ತಂದೆಗೆ ಇದು ಸರಿ ಕಾಣಲಿಲ್ಲ. "ಹಂಗಾದ್ರೆ ನೀವು ಯಾರ ಕಡೆ ಸಾರ್?" ಅಂತ ಕೇಳಿಯೇ ಬಿಟ್ಟರು.

ನೋಟಿಸಿಗೆ ನಾನೇ ಸಹಿ ಹಾಕುತ್ತೇನೆ, ಮನೆಯ ಯಜಮಾನ ನಾನು, ಅಂದರು ತಂದೆ. ಇಲ್ಲಿಯೂ ಕಾನೂನು ಅವರ ಕಡೆಗಿರಲಿಲ್ಲ. ಮದುವೆಯಾಗದ ಹಿಂದೂ ಗಂಡುಮಗ ಉಯಿಲಿಲ್ಲದೆ ಸತ್ತರೆ 1956ರ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರಲ್ಲಿ ತಾಯಿ ಇದ್ದಾಳೆ, ತಂದೆ ಇಲ್ಲ. ತಂದೆ ಬರುವುದು ಎರಡನೇ ವರ್ಗದಲ್ಲಿ, ಮೊದಲ ವರ್ಗದಲ್ಲಿ ಯಾರೂ ಇಲ್ಲದಿದ್ದಾಗ ಮಾತ್ರ. ಅಂದರೆ ಮಗನ ಪದ, ಧ್ವನಿ, ಬರಬೇಕಾದ ರಾಯಲ್ಟಿ ಎಲ್ಲವೂ ಇಡಿಯಾಗಿ ತಾಯಿಗೆ. ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ಇಬ್ಬರ ಹೆಸರೂ ಇತ್ತು, ಆದರೆ ವಂಶವೃಕ್ಷ ಹೇಳುವುದು ಸಂಬಂಧವನ್ನು, ಪಾಲನ್ನಲ್ಲ. ಇದನ್ನು ಬಿಡಿಸಿ ಹೇಳಿದಾಗ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲ ಆಗಿದ್ರೂ ಹಿಂಗೇನಾ?" ಅಂದರು. ಮಗನ ಸ್ವಂತ ಗಳಿಕೆಯದಾದರೆ ಹೊಲವೂ ಹೀಗೆಯೇ ಅಂದೆ. ಅಂದಿನಿಂದ ಅವರು ನನ್ನ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ತಾಯಿ ಒಬ್ಬರೇ ಬರುತ್ತಿದ್ದರು, ಟಿಫನ್ ಬಾಕ್ಸಿನ ಚೀಲದಲ್ಲಿ ಮಗನ ಬರಹದ ನೋಟ್‌ಬುಕ್ಕುಗಳನ್ನು ಇಟ್ಟುಕೊಂಡು.

ಹೊರಬಂದದ್ದರಲ್ಲಿ ಏನಿತ್ತು

ಏಳು ಹಾಡುಗಳನ್ನೂ ಗೆಳೆಯನ ಹಾರ್ಡ್ ಡಿಸ್ಕಿನಲ್ಲಿದ್ದ ಮೂಲ ಪ್ರಾಜೆಕ್ಟ್ ಫೈಲುಗಳ ಜೊತೆ ಹೋಲಿಸಿ ಕೇಳಿದೆವು. ಮೂರು ಹಾಡು ಹೆಚ್ಚುಕಡಿಮೆ ಮುಗಿದಿದ್ದವು, ಧ್ವನಿ, ಸಂಗೀತವನ್ನು ಹದವಾಗಿ ಕೂಡಿಸುವ ಮಿಕ್ಸ್ ಮಾತ್ರ ಬಾಕಿ. ಎರಡಕ್ಕೆ ಇಂಟರ್‌ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಲೀಸ್ ಬೀಟ್ ಬಳಸಿದ್ದರು. ಲೈಸೆನ್ಸು ಹುಡುಗನ ಹೆಸರಿನಲ್ಲಿತ್ತು, ಬೇರೆಯವರು ಅದನ್ನು ಅಪ್‌ಲೋಡ್ ಮಾಡುವಂತಿರಲಿಲ್ಲ. ಮುಖ್ಯ ತಕರಾರು ಇದ್ದದ್ದು ಉಳಿದೆರಡರ ಮೇಲೆ.

ನಾಲ್ಕನೇ ಹಾಡಿನ ಎರಡನೇ ವರ್ಸ್ (ಚರಣ) ಬರೀ ಗೈಡ್. ಈ ಕೆಲಸ ಗೊತ್ತಿಲ್ಲದವರಿಗಾಗಿ ಹೇಳಬೇಕು: ರಾಪರ್ ಮೊದಲು ಬೀಟಿನ ಮೇಲೆ ಓಟ ಕಂಡುಕೊಳ್ಳಲು ಬಾಯಿಗೆ ಬಂದದ್ದನ್ನು ಹಾಡಿ ರೆಕಾರ್ಡ್ ಮಾಡುತ್ತಾನೆ. ಅರ್ಧ ಮಾತು, ಅರ್ಧ ಬರೀ ತಾಳದ ಸದ್ದು. ಪದ ಆಮೇಲೆ ಬರೆಯುತ್ತಾನೆ. ಇಲ್ಲಿ ಎಂಟು ಬಾರ್ (ತಾಳದ ಎಂಟು ಸುತ್ತು) ಉದ್ದಕ್ಕೂ ಅರ್ಥವಿಲ್ಲದ ಸದ್ದೇ ಇತ್ತು. ಕೇಳಿದ ಹುಡುಗರು ಅದನ್ನೇ ಹೊಸ ಫ್ಲೋ ಅಂತ ಮೆಚ್ಚಿಕೊಂಡದ್ದು ಬೇರೆ ಮಾತು. ಅದರ ನಂತರದ ನಾಲ್ಕು ಸಾಲು ದೊಡ್ಡಪ್ಪನ ಮೇಲೆ. ಜಮೀನಿನ ಭಾಗದಲ್ಲಿ ಅವರು ಹೇಗೆ ನಡೆದುಕೊಂಡರು ಎಂಬುದನ್ನು ಹೆಸರು ಹಿಡಿದು, ಬೈಗುಳ ಸೇರಿಸಿ ಹಾಡಿದ್ದ. ರಾತ್ರಿ ಕೋಣೆಯಲ್ಲಿ ಕೂತು ಸಿಟ್ಟು ಕಕ್ಕಿದ ಸಾಲುಗಳು. ಅವು ಊರಿಗೆಲ್ಲ ಕೇಳಿಸಿದವು. ಮುಂದಿನ ತಿಂಗಳು ದೊಡ್ಡಪ್ಪನ ಮನೆಯಲ್ಲಿ ಮದುವೆ ಇತ್ತು, ಈ ಮನೆಗೆ ಲಗ್ನಪತ್ರಿಕೆ ಬರಲಿಲ್ಲ.

ಮೊದಲನೇ ಹಾಡು ಇನ್ನೂ ಸೂಕ್ಷ್ಮ. ಅದರ ಗೈಡ್ ಅನ್ನು ಹುಡುಗ ಮನೆಯಲ್ಲೇ ಸಣ್ಣ ಯುಎಸ್‌ಬಿ ಮೈಕಿನಲ್ಲಿ ರೆಕಾರ್ಡ್ ಮಾಡಿದ್ದ. ಶುರುವಿನಲ್ಲಿ ಕುಕ್ಕರ್ ಕೂಗುತ್ತದೆ. ಹಿಂದೆಯೇ ಅಡುಗೆಮನೆಯಿಂದ ತಾಯಿಯ ದನಿ: "ಲೋ, ಮುದ್ದೆ ಆರೋಯ್ತದೆ, ಬಾರೋ." ಗೆಳೆಯ ಅದನ್ನು ಕತ್ತರಿಸದೆ, ಸ್ವಲ್ಪ ಎಕೋ ಹಾಕಿ, ಎರಡು ಸಲ ಬರುವಂತೆ ಮಾಡಿ ಇಡೀ ಆಲ್ಬಮ್ಮಿನ ಬಾಗಿಲಲ್ಲಿ ನಿಲ್ಲಿಸಿದ್ದ. ಅವನ ದೃಷ್ಟಿಯಲ್ಲಿ ಅದು ಗೌರವ. ತಾಯಿಗೆ ಹಾಗನಿಸಲಿಲ್ಲ. "ಅವ್ನಿಗೆ ಕೂಗಿದ್ದು ಸಾರ್ ನಾನು. ಊರಿಗಲ್ಲ."

ಅವರ ಬೇಡಿಕೆ ಒಂದೇ. ಎಲ್ಲ ತೆಗೆಸಿ, ಹಾರ್ಡ್ ಡಿಸ್ಕ್ ತರಿಸಿ ಕೊಡಿ, ಅದನ್ನು ಏನು ಮಾಡಬೇಕೋ ನಾವು ಮಾಡಿಕೊಳ್ಳುತ್ತೇವೆ. "ಅರ್ಧ ಬೆಂದ ಮುದ್ದೆನ ಯಾರಾದ್ರೂ ಪಂಕ್ತಿಗೆ ಬಡಿಸ್ತಾರಾ?" ಅಂದರು.

ಗೆಳೆಯನ ಮಾತು

ಅವನು ವಕೀಲರನ್ನು ಕರೆದುಕೊಂಡೇ ಬಂದಿದ್ದ, ಆದರೆ ಮಾತೆಲ್ಲ ಅವನೇ ಆಡಿದ. "ಸಾರ್, ನಾನೇನ್ ಕದ್ದಿಲ್ಲ. ನವೆಂಬರ್ ಒಂದಕ್ಕೆ ಬಿಡ್ತೀನಿ ಅಂತ ಅವ್ನೇ ಸ್ಟೋರಿ ಹಾಕಿದ್ದ. ಅವ್ನ ಮಾತು ಉಳಿಸ್ದೆ ಅಷ್ಟೆ. ನಾನ್ ಬಿಡ್ದೆ ಇದ್ದಿದ್ರೆ ಇದು ಡಿಸ್ಕಲ್ಲೇ ಸಾಯ್ತಿತ್ತು." ದುಡ್ಡಿನ ಆಸೆಗೆ ಮಾಡಿದ ಎಂಬ ತಂದೆಯ ಆರೋಪವನ್ನು ನಾನು ಯಾವತ್ತೂ ಒಪ್ಪಿಲ್ಲ. ಹನ್ನೆರಡು ತಿಂಗಳಲ್ಲಿ 1,000 ಸಲವೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಸ್ಪಾಟಿಫೈ ಪೈಸೆಯನ್ನೂ ಕೊಡುವುದಿಲ್ಲ. ಏಳರಲ್ಲಿ ಮೂರು ಹಾಡು ಆ ಗಡಿಯ ಹತ್ತಿರವೂ ಬಂದಿರಲಿಲ್ಲ.

ಮಾತಿನ ನಡುವೆ ಅವನು ಅಮೆರಿಕದ ರಾಪರ್ ಟುಪ್ಯಾಕ್‌ನನ್ನು ಎಳೆದು ತಂದ. "ಟುಪ್ಯಾಕ್ ಬದುಕಿದ್ದಾಗಿಗಿಂತ ಸತ್ಮೇಲೆ ಬಂದ ಆಲ್ಬಮ್ಮೇ ಜಾಸ್ತಿ ಸಾರ್." ಮಾತು ನಿಜ. ಆದರೆ ಆ ಕತೆಯ ಒಳಗೆ ಇಣುಕಿದರೆ ಅವನ ವಾದಕ್ಕೆ ಬಲ ಸಿಗುವುದಿಲ್ಲ. ಟುಪ್ಯಾಕ್ 1996ರ ಸೆಪ್ಟೆಂಬರ್ 13ರಂದು ಸತ್ತ. ನವೆಂಬರಿನಲ್ಲಿ ಮಕವೆಲಿ ಎಂಬ ಹೆಸರಿನಲ್ಲಿ ಬಂದ ಆಲ್ಬಮ್ ಅವನೇ ಬದುಕಿದ್ದಾಗ ಹಾಡಿ ಮುಗಿಸಿದ್ದು. ಆಮೇಲಿನ ಅಪ್ರಕಟಿತ ಹಾಡುಗಳ ಹಿಡಿತ ತಾಯಿ ಅಫೇನಿ ಶಕೂರ್ ಕೈಗೆ ಬಂತು, 1997ರಿಂದ ಆಕೆಯ ಸಂಸ್ಥೆಯ ಮೂಲಕವೇ ಅವು ಹೊರಬಂದವು. ಆ ಆಲ್ಬಮ್ಮುಗಳೆಲ್ಲ ಚೆನ್ನಾಗಿವೆ ಎಂದಲ್ಲ. 2004ರದ್ದರಲ್ಲಿ ಇನ್ನೊಬ್ಬ ರಾಪರ್ ಎಮಿನೆಮ್ ಹಳೆಯ ಧ್ವನಿಯ ಕೆಳಗೆ ಹೊಸ ಬೀಟ್ ಕಟ್ಟಿದ್ದು ನನ್ನ ಕಿವಿಗಂತೂ ಕೂಡಿಕೊಂಡಿಲ್ಲ. ಆದರೆ ಕೆಟ್ಟದ್ದನ್ನು ಬಿಡುವ ಹಕ್ಕೂ ಇದ್ದದ್ದು ತಾಯಿಗೇ.

ನಮ್ಮ ಪ್ರಕರಣಕ್ಕೆ ಹತ್ತಿರದ್ದು ಅಮೆರಿಕದ್ದೇ ಗ್ಯಾಂಗ್ ಸ್ಟಾರ್ ಎಂಬ ರಾಪ್ ಜೋಡಿಯ ಕತೆ. ರಾಪರ್ ಗುರು 2010ರಲ್ಲಿ ತೀರಿಕೊಂಡ. ಅವನು ಕೊನೆಗೆ ಹಾಡಿಟ್ಟ ಧ್ವನಿಗಳು ಬೇರೊಬ್ಬನ ಕೈಯಲ್ಲಿದ್ದವು. ವರ್ಷಗಟ್ಟಲೆ ಅವನ ಜೊತೆಗಾರನಾಗಿ ಬೀಟ್ ಮಾಡಿದ ಡಿಜೆ ಪ್ರೀಮಿಯರ್ ಕೂಡ ಅವನ್ನು ದುಡ್ಡು ಕೊಟ್ಟು ಕೊಂಡುಕೊಂಡ ಮೇಲೆಯೇ 2019ರಲ್ಲಿ ಆಲ್ಬಮ್ ತಂದ. ನಮ್ಮ ಗೆಳೆಯನಿಗೆ ಇದು ಗೊತ್ತಿತ್ತು. ಪ್ರೀಮಿಯರ್ ಹೆಸರೆತ್ತಿದಾಗ ಮುಖ ತಗ್ಗಿಸಿದ.

ಅಷ್ಟು ದೂರ ಹೋಗುವುದೂ ಬೇಡ. 2022ರ ಮೇ 29ರಂದು ಪಂಜಾಬಿ ಗಾಯಕ ಸಿಧು ಮೂಸೆವಾಲಾ ಕೊಲೆಯಾದಾಗ, ಅರ್ಧಕ್ಕೆ ನಿಂತ ಹಾಡುಗಳನ್ನು ಯಾರೂ ಬಿಡಬೇಡಿ, ಇದ್ದದ್ದನ್ನು ತಂದೆಗೆ ತಲುಪಿಸಿ ಎಂದು ಅವರ ಕಡೆಯವರು ಸಂಗೀತಗಾರರನ್ನು ಕೇಳಿಕೊಂಡಿದ್ದರು. ಅದೇ ವರ್ಷ ಅವರ ಧ್ವನಿಯಿದ್ದ ಇನ್ನೊಂದು ಹಾಡು ಮುಂಬೈಯಿಂದ ಬಿಡುಗಡೆಗೆ ಸಿದ್ಧವಾದಾಗ ತಂದೆತಾಯಿ ಮಾನಸಾ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ಪಂಜಾಬಿನ ಒಂದು ಜಿಲ್ಲಾ ಪಟ್ಟಣದ ನ್ಯಾಯಾಲಯ ಮಾಡಿದ್ದನ್ನು ಹಾಸನದ ನ್ಯಾಯಾಲಯವೂ ಮಾಡಬಹುದು. ಕಾಯ್ದೆಯ 62ನೇ ಕಲಮಿನ ಪ್ರಕಾರ ದಾವೆ ಹೂಡುವವರು ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಯಾರ ಕೈಯಲ್ಲಿ ಏನು

ನಮ್ಮ ಹುಡುಗರೆಲ್ಲ ಹಾಡು ಒಂದೇ ವಸ್ತು ಅಂದುಕೊಂಡಿದ್ದಾರೆ. ಕಾನೂನಿನ ಕಣ್ಣಲ್ಲಿ ಅದು ಕನಿಷ್ಠ ನಾಲ್ಕು. ಪದ ಸಾಹಿತ್ಯ ಕೃತಿ, ಬರೆದವನದು, ಈಗ ತಾಯಿಯದು. ಬೀಟ್ ಸಂಗೀತ ಕೃತಿ, ಗೆಳೆಯನದು, ಅದರಲ್ಲಿ ತಾಯಿಗೆ ಪಾಲಿಲ್ಲ. ಹಾಡಿದ ಧ್ವನಿ ಪ್ರದರ್ಶಕನ ಹಕ್ಕು, ಅದೂ ತಾಯಿಗೆ ಬಂತು. ನಾಲ್ಕನೆಯದು ರೆಕಾರ್ಡಿಂಗ್. ಅದು "ಮುಂದಾಳತ್ವ ಮತ್ತು ಹೊಣೆ" ಹೊತ್ತ ನಿರ್ಮಾಪಕನದು ಎನ್ನುತ್ತದೆ ಕಾಯ್ದೆ.

ಕಗ್ಗಂಟಾದದ್ದು ಈ ನಾಲ್ಕನೆಯದೇ. ಮೈಕು, ಲ್ಯಾಪ್‌ಟಾಪು, ಡಿಸ್ಕು, ಕರೆಂಟು ಬಿಲ್ಲು ಎಲ್ಲ ಗೆಳೆಯನದು. ಆದರೆ ಫೋನ್‌ಪೇ ಹಿಸ್ಟರಿ ತೆಗೆದಾಗ ನಾಲ್ಕು ಹಾಡಿನ ಸೆಷನ್ನುಗಳಿಗೆ ಹುಡುಗ ದುಡ್ಡು ಹಾಕಿದ್ದು ಕಂಡಿತು. ಹಾಲಿನ ಡೇರಿಯಲ್ಲಿ ಬೆಳಗಿನ ಪಾಳಿ ದುಡಿದ ದುಡ್ಡು. ಆ ನಾಲ್ಕಕ್ಕೆ ನಿರ್ಮಾಪಕ ಹುಡುಗನೇ ಎಂಬುದು ನನ್ನ ವಾದ. ಉಳಿದ ಮೂರಕ್ಕೆ ಗೆಳೆಯನ ಕಡೆಯವರ ವಾದಕ್ಕೂ ತೂಕವಿತ್ತು.

ಒಟ್ಟಿನಲ್ಲಿ, ತಾಯಿಯ ಒಪ್ಪಿಗೆಯಿಲ್ಲದೆ ಗೆಳೆಯ ಬಿಡುವಂತಿಲ್ಲ, ಗೆಳೆಯನ ಬೀಟಿಲ್ಲದೆ ತಾಯಿ ಬಿಡುವಂತಿಲ್ಲ. ಡಿಸ್ಕನ್ನು ಕಿತ್ತುಕೊಂಡು ಒಡೆದುಹಾಕುವ ಹಕ್ಕು ತಾಯಿಗೂ ಇರಲಿಲ್ಲ, ಯಾಕೆಂದರೆ ಅದರೊಳಗೆ ಅವನ ಸಂಗೀತವೂ ಇದೆ. ಈ ಮಾತನ್ನು ನನ್ನ ಕಕ್ಷಿದಾರರಿಗೇ ಹೇಳುವುದು ಕಷ್ಟವಾಯಿತು. ಹೇಳಿದೆ.

ಗೆಳೆಯನ ವಕೀಲರ ಹತ್ತಿರ ಒಂದು ಬಲವಾದ ಕಾಗದವಿತ್ತು, ಅಂದರೆ ಒಂದು ವಾಟ್ಸಾಪ್ ಮೆಸೇಜು. ಸಾಯುವ ಕೆಲವು ವಾರ ಮೊದಲು ಹುಡುಗ ಬರೆದಿದ್ದ: "ರೆಡಿ ಆದ್ಮೇಲೆ ನೀನೇ ಅಪ್‌ಲೋಡ್ ಮಾಡ್ಬಿಡು, ಆ ಫಾರಂ ತುಂಬೋ ತಲೆನೋವು ನಂಗೆ ಬೇಡ." ಹಕ್ಕನ್ನು ಪೂರ್ತಿ ಬರೆದುಕೊಡಲು 19ನೇ ಕಲಮಿನಡಿ ಸಹಿ ಮಾಡಿದ ಬರಹ ಬೇಕು. "ಫಿಫ್ಟಿ ಫಿಫ್ಟಿ ಮಗಾ" ಎಂಬ ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ಆದರೆ ಬಳಸಲು ಅನುಮತಿ ಕೊಡುವುದು ಬೇರೆ. 30ನೇ ಕಲಮಿನಲ್ಲಿ 2012ರ ತಿದ್ದುಪಡಿಯಾದ ಮೇಲೆ ಬರಹ ಸಾಕು, ಸಹಿ ಬೇಡ. ಮೆಸೇಜೂ ಬರಹವೇ ಎಂದು ವಾದಿಸಬಹುದು. ನಾನು ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹಿಡಿದುಕೊಳ್ಳುತ್ತಿದ್ದೆ.

ಆದರೆ ಅನುಮತಿ ಕೊಟ್ಟದ್ದು "ರೆಡಿ ಆದ್ಮೇಲೆ". ರೆಡಿ ಆಯಿತು ಎಂದು ಹೇಳಬೇಕಾದವನು ಇಲ್ಲ. ಇಡೀ ಪ್ರಕರಣದ ಗಂಟು ಇಲ್ಲಿದೆ, ಈ ಗಂಟಿಗೆ ನಮ್ಮ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ. ಕೃತಿಯನ್ನು ಲೋಕದ ಮುಂದೆ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಫ್ರಾನ್ಸಿನ ಕಾನೂನು ಕರ್ತೃವಿನ ಒಂದು ಪ್ರತ್ಯೇಕ ನೈತಿಕ ಹಕ್ಕಾಗಿಯೇ ಇಟ್ಟಿದೆ. ನಮ್ಮ 57ನೇ ಕಲಂ ಕೊಡುವುದು ಎರಡನ್ನು ಮಾತ್ರ: ಇದು ನನ್ನದು ಎನ್ನುವ ಹಕ್ಕು, ಮತ್ತು ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಹಕ್ಕು. ಇವನ್ನು ಸತ್ತವನ ಕಾನೂನು ಪ್ರತಿನಿಧಿಗಳು ಚಲಾಯಿಸಬಹುದು. ಅರ್ಥವಿಲ್ಲದ ಎಂಟು ಬಾರನ್ನು ಅವನ ಹೆಸರಿನಲ್ಲಿ ಹಾಡೆಂದು ಬಿಡುವುದು ತಿರುಚುವಿಕೆಯೇ? ಗೆಳೆಯ ಒಂದಕ್ಷರ ಬದಲಿಸಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬಿಟ್ಟಿದ್ದಾನೆ. ನ್ಯಾಯಾಧೀಶರು ಯಾವ ಕಡೆ ವಾಲುತ್ತಿದ್ದರೋ ನಾನು ಪಣ ಕಟ್ಟಲಾರೆ.

ಅಮೆರಿಕದ ಆಂಡರ್ಸನ್ ಪಾಕ್ ಎಂಬ ಗಾಯಕ 2021ರಲ್ಲಿ ತನ್ನ ಮುಂಗೈ ಮೇಲೆ ಹಚ್ಚೆಯನ್ನೇ ಹಾಕಿಸಿಕೊಂಡ: ನಾನು ಹೋದಮೇಲೆ ನನ್ನ ಹೆಸರಲ್ಲಿ ಆಲ್ಬಮ್, ಹಾಡು ಬಿಡಬೇಡಿ, ಅವು ಬರೀ ಡೆಮೋ, ಜನ ಕೇಳಲೆಂದು ಮಾಡಿದ್ದಲ್ಲ ಎಂದು. ನಮ್ಮಲ್ಲಿ ಅದು ಉಯಿಲಾಗುವುದಿಲ್ಲ, ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆದರೂ ಆ ಹುಡುಗ ಅಂಥದ್ದೊಂದು ಸಾಲನ್ನು ಎಲ್ಲಾದರೂ ಬರೆದಿಟ್ಟಿದ್ದರೆ ನನ್ನ ಕೆಲಸ ಎಷ್ಟೋ ಸಲೀಸಾಗುತ್ತಿತ್ತು.

ತಾಯಿಯ ದನಿ

ನೋಟಿಸಿಗಿಂತ ಮೊದಲು ಒಂದು ಕೆಲಸ ಮಾಡಿಸಿದೆವು. ಡಿಸ್ಕಿನ ಪೂರ್ತಿ ನಕಲು ತೆಗೆದು, ಫೈಲು ಬದಲಾದರೆ ಗೊತ್ತಾಗುವಂತೆ ಹ್ಯಾಶ್ ಸಂಖ್ಯೆ ಬರೆದುಕೊಂಡು, ಎರಡೂ ಕಡೆಯವರ ಸಹಿ ಹಾಕಿಸಿದೆವು. 2024ರ ಜುಲೈಯಿಂದ ಜಾರಿಯಲ್ಲಿರುವ ಸಾಕ್ಷ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ದಾಖಲೆ ಹಾಜರುಪಡಿಸಲು ಹೇಗೂ ಇದು ಬೇಕು. ಸಿಟ್ಟಿನಲ್ಲಿ ಯಾರೂ ಏನೂ ಅಳಿಸದಂತೆ ಕಾಯುವುದೇ ಅದರ ದೊಡ್ಡ ಪ್ರಯೋಜನವಾಯಿತು.

ಆಮೇಲೆ ಹಾಡುಗಳನ್ನು ಕೆಳಗಿಳಿಸುವ ಕೆಲಸ. ಸ್ಪಾಟಿಫೈಗೆ ಯಾರೂ ನೇರವಾಗಿ ಹಾಡು ಹಾಕುವುದಿಲ್ಲ, ನಡುವೆ ವಿತರಕ ಕಂಪನಿ ಇರುತ್ತದೆ. ಅಲ್ಲಿ ಎಲ್ಲ ಹಕ್ಕೂ ನನ್ನದೇ ಎಂಬ ಚೌಕಕ್ಕೆ ಗೆಳೆಯ ಟಿಕ್ ಹಾಕಿದ್ದ. ವಿತರಕರಿಗೂ ಆಪ್‌ಗಳಿಗೂ ಲಿಖಿತ ದೂರು ಹೋಯಿತು. ನಿಯಮದಂತೆ ದೂರು ಸಿಕ್ಕ 36 ಗಂಟೆಯೊಳಗೆ ಅವರು ತಡೆಹಿಡಿಯಬೇಕು, ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತಂದು ತೋರಿಸದಿದ್ದರೆ ಮತ್ತೆ ತೆರೆದುಬಿಡಬಹುದು. ಆ 21 ದಿನದೊಳಗೆ ರಾಜಿಯಾಗದಿದ್ದರೆ ದಾವೆ ಹಾಕಲು ಅರ್ಜಿ ಬರೆದೇ ಇಟ್ಟಿದ್ದೆ.

ಗೆಳೆಯನ ವಕೀಲರು ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದರು, ಮೊದಲನೇ ಹಾಡಿನ ಶುರುವಿನ ಆ ಕೂಗಿಗೆ ಹೊರತು. ಸತ್ತವರ ಖಾಸಗಿತನ ಸತ್ತವರೊಂದಿಗೇ ಹೋಗುತ್ತದೆ. ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ ದಾವೆಯಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಹಾಗಾಗಿ ಮಗನ ಖಾಸಗಿತನದ ಹೆಸರಿನಲ್ಲಿ ನಾವು ಕೇಳುವಂಥದ್ದು ಹೆಚ್ಚೇನಿರಲಿಲ್ಲ. ಆದರೆ ಮುದ್ದೆಗೆ ಕರೆದ ತಾಯಿ ಬದುಕಿದ್ದಾಳೆ. ಅದು ಹಾಡಲ್ಲ, ಪ್ರದರ್ಶನವಲ್ಲ, ಕೃತಿಸ್ವಾಮ್ಯ ಕಾಯ್ದೆಗೂ ಅದಕ್ಕೂ ಸಂಬಂಧವೇ ಇಲ್ಲ. ಮನೆಯೊಳಗಿನ ಮಾತು ಅದು, 2017ರ ಪುಟ್ಟಸ್ವಾಮಿ ತೀರ್ಪು ಮೂಲಭೂತ ಹಕ್ಕೆಂದು ಕರೆದ ಖಾಸಗಿತನದ ನೆರಳಿನಲ್ಲಿರುವ ಮಾತು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನವರು ಎಂಬುದನ್ನು ಎದುರು ವಕೀಲರಿಗೆ ನೆನಪಿಸಿದಾಗ ಅವರು ನಕ್ಕರು, ಆದರೆ ಅಲ್ಲಿಂದ ಅವರ ಮಾತಿನ ಬಿಗಿ ಸಡಿಲಿತು.

ಗೆಳೆಯನನ್ನು ಸಡಿಲಿಸಿದ್ದು ಮಾತ್ರ ಕಾನೂನಲ್ಲ. ಎರಡನೇ ಸಲ ಕೂತಾಗ ಅವನು ತಾನಾಗಿಯೇ ಫೋನ್ ತೆಗೆದು ಹುಡುಗನ ವಾಯ್ಸ್ ನೋಟ್ ಒಂದನ್ನು ಹಾಕಿದ. ಅವನ ವಕೀಲರಿಗೂ ಅದು ಇದೆಯೆಂದು ಗೊತ್ತಿರಲಿಲ್ಲ. "ಮಗಾ, ನಾಲ್ಕನೇದ್ರ ಸೆಕೆಂಡ್ ವರ್ಸ್ ಬರೀ ಗೈಡು. ದೊಡ್ಡಪ್ಪನ್ ಮ್ಯಾಟ್ರು ಎತ್ತಾಕ್ತೀನಿ, ಅಮ್ಮ ಕೇಳುಸ್ಕಂಡ್ರೆ ಬೇಜಾರ್ ಮಾಡ್ಕತಾಳೆ." ಇದು ಅವನ ಕೇಸಿಗೆ ತಾನೇ ಹಾಕಿಕೊಂಡ ಪೆಟ್ಟು. ಯಾಕೆ ಬಿಟ್ಟೆ ಹಾಗಾದರೆ ಅಂತ ತಾಯಿ ಕೇಳಿದರು. "ಕಟ್ ಮಾಡಕ್ಕೆ ಕೈ ಬರ್ಲಿಲ್ಲ ಅಮ್ಮ. ಅವ್ನ ದನಿ ಇದ್ದಿದ್ದೇ ಅಷ್ಟು."

ಮಾತು ಅಲ್ಲಿಂದ ಏಐ ಕಡೆ ತಿರುಗಿತು. ಯಾರೋ ಪರಿಚಯದವರು ಮಗನ ಧ್ವನಿಯನ್ನು ಕಂಪ್ಯೂಟರಿಗೆ ಕಲಿಸಿ ಬಾಕಿ ವರ್ಸುಗಳನ್ನು ತುಂಬಿಸಿಕೊಡುತ್ತೇವೆ ಎಂದು ತಾಯಿಗೆ ಹೇಳಿ, ಒಂದು ಸ್ಯಾಂಪಲ್ಲೂ ಕಳಿಸಿದ್ದರು. ಆಕೆ ಆಸೆಪಟ್ಟಿದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ಪುನೀತ್ ಅವರು ನಾಯಕರಾಗಿ ನಟಿಸಿದ ಕೊನೆಯ ಕಥಾಚಿತ್ರ 'ಜೇಮ್ಸ್' 2022ರ ಮಾರ್ಚಿನಲ್ಲಿ ಶಿವಣ್ಣನ ದನಿಯಲ್ಲಿ ಬಂದು, ಮುಂದಿನ ತಿಂಗಳು ತಂತ್ರಜ್ಞಾನದಿಂದ ಅಪ್ಪು ದನಿಯಲ್ಲೇ ಮತ್ತೆ ಬಂದದ್ದನ್ನು ಅವರು ಹಾಸನದ ಥಿಯೇಟರಿನಲ್ಲಿ ನೋಡಿ ಅತ್ತಿದ್ದರು. "ಅಂಥವ್ರಿಗೇ ಮಾಡ್ದೋರು ನಮ್ಮುಡ್ಗನಿಗೆ ಮಾಡಬಾರ್ದಾ?" 2024ರಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಹೀಗೆಯೇ ಬಳಸಿದರು, ಆದರೆ ಮನೆಯವರನ್ನು ಕೇಳಿ, ಹಣ ಕೊಟ್ಟು. ಅದೇ ಸುಮಾರಿಗೆ ಎಸ್‌ಪಿಬಿ ಅವರ ಧ್ವನಿಯನ್ನು ಕೇಳದೆ ಬಳಸಿದ ತೆಲುಗು ಚಿತ್ರತಂಡಕ್ಕೆ ಅವರ ಮಗ ನೋಟಿಸ್ ಕಳಿಸಿದರು. ಇಲ್ಲಿ ಒಪ್ಪಿಗೆ ಕೊಡಬೇಕಾದವರೇ ಬೇಕು ಅನ್ನುತ್ತಿದ್ದಾರೆ, ಹಾಗಾಗಿ ಕಾನೂನಿನ ಅಡ್ಡಿ ದೊಡ್ಡದಲ್ಲ.

ಸ್ಯಾಂಪಲ್ ಹಾಕಿ ಕೇಳಿದೆವು. ಧ್ವನಿ ಅವನದೇ, ಒಪ್ಪಬೇಕು. ಆದರೆ ಊರಿನ ಹೆಸರು ಬರುವ ಸಾಲಿನಲ್ಲಿ ಅದು ಸ್ಪಷ್ಟವಾಗಿ "ಹಾಸನ" ಅಂದಿತು. ಹುಡುಗ ಎಲ್ಲ ಹಾಡಿನಲ್ಲೂ "ಆಸ್ನ" ಅನ್ನುತ್ತಿದ್ದ, ಬೇಕೆಂದೇ. ಹಳ್ಳಿಯನ್ನು ಅಳ್ಳಿ ಅನ್ನುವವರ ಮಗ ನಾನು ಎಂದು ತೋರಿಸಿಕೊಳ್ಳುವ ಗತ್ತು ಅದು. ಗೆಳೆಯ ಏನೂ ಹೇಳದೆ ತಲೆಯಾಡಿಸಿದ. ತಾಯಿ ಇನ್ನೊಂದು ಸಲ ಹಾಕಿಸಿಕೊಂಡು ಕೇಳಿ, "ಇದ್ಯಾರೋ ಟಿವೀಲಿ ನ್ಯೂಸ್ ಓದೋನು" ಅಂದರು. ಇಬ್ಬರೂ ನಕ್ಕರು. ಈ ಪ್ರಕರಣ ಶುರುವಾದ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ನಾನು ನೋಡಿದ್ದು ಆಗಲೇ. ನಾನು ಹಾಕಿದ ಕಲಮುಗಳೆಲ್ಲ ಸೇರಿ ಮಾಡಲಾಗದ್ದನ್ನು ಆ ಸ್ಯಾಂಪಲ್ ಮಾಡಿತು.

ಒಪ್ಪಂದ

ಹುಡುಗನ ಮಾತುಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡೆವು. ಯಾವ ಹಾಡಿನ ಬಗ್ಗೆ ಮೆಸೇಜಿನಲ್ಲೋ ವಾಯ್ಸ್ ನೋಟಿನಲ್ಲೋ "ಇದು ಆಯ್ತು" ಅಂದಿದ್ದಾನೋ ಅದು ಆಯಿತು. ಏನೂ ಅನ್ನದೇ ಇದ್ದದ್ದು ಆಗಿಲ್ಲ. ನಮ್ಮ ಊಹೆಗೆ ಇಲ್ಲಿ ಬೆಲೆಯಿಲ್ಲ, ತಾಯಿಯದಾಗಲಿ ಗೆಳೆಯನದಾಗಲಿ. ಇದೊಂದು ಅಂಶಕ್ಕೆ ನಾನು ಹಟ ಹಿಡಿದೆ, ಎರಡೂ ಕಡೆಯಿಂದ ಬೈಸಿಕೊಂಡೆ.

ಈ ಅಳತೆಯಲ್ಲಿ ಪಾಸಾದದ್ದು ಮೂರು ಹಾಡು. ಅವು ಒಂದೊಂದಾಗಿ ಸಿಂಗಲ್ ರೂಪದಲ್ಲಿ ಮತ್ತೆ ಬಂದವು, ಪದ ಯಾರದು, ಬೀಟ್ ಯಾರದು ಎಂಬ ವಿವರದ ಜೊತೆ. ರೆಕಾರ್ಡಿಂಗಿನ ದುಡ್ಡು ಇಬ್ಬರಿಗೂ ಅರ್ಧರ್ಧ, ಪದದ ರಾಯಲ್ಟಿ ಪೂರ್ತಿ ತಾಯಿಗೆ, ಸಂಗೀತದ್ದು ಗೆಳೆಯನಿಗೆ. ಹಾಡು ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಗೆ ತೀರಿಕೊಂಡ ಲೇಖಕರ ವಾರಸುದಾರರೂ ಸದಸ್ಯರಾಗಬಹುದು, ತಾಯಿಯ ಅರ್ಜಿ ತುಂಬಿಸಿದ್ದೇವೆ. ಮೊದಲನೇ ಹಾಡಿನ ಶುರು ಹೋಯಿತು. ಆ ರೆಕಾರ್ಡಿಂಗಿನ ಮೂಲ ಪ್ರತಿ ತಾಯಿಯ ಬಳಿ ಮಾತ್ರ ಇರಬೇಕು ಎಂದು ಪ್ರತ್ಯೇಕ ಷರತ್ತು ಬರೆದೆವು. ನಾಲ್ಕನೇ ಹಾಡಿನ ಬೀಟನ್ನು ಗೆಳೆಯ ಬೇರೆಯವರಿಗೆ ಕೊಡಬಹುದು, ಧ್ವನಿ ತೆಗೆದು. ಲೀಸ್ ಬೀಟಿನವು ಅಲ್ಲಿಗೆ ಮುಗಿದವು. ಪ್ರಾಜೆಕ್ಟ್ ಫೈಲುಗಳೆಲ್ಲ ಎರಡು ಡಿಸ್ಕಿನಲ್ಲಿ, ಮನೆಗೊಂದು.

ಎಲ್ಲವೂ ವಾಪಸ್ ಬರಲಿಲ್ಲ. ತೆಗೆಸುವ ಮೊದಲೇ ಡೌನ್‌ಲೋಡ್ ಮಾಡಿಕೊಂಡವರಿದ್ದರು, ದೊಡ್ಡಪ್ಪನ ಮೇಲಿನ ಸಾಲುಗಳು ಇನ್ನೂ ಟೆಲಿಗ್ರಾಮಿನಲ್ಲಿ ಓಡಾಡುತ್ತಿವೆ. ಆ ಮನೆಗೂ ಈ ಮನೆಗೂ ಮಾತು ನಿಂತೇ ಇದೆ. ಒಪ್ಪಂದದಲ್ಲಿ ಅದಕ್ಕೆ ಮದ್ದು ಬರೆಯಲು ನನಗೆ ಬರಲಿಲ್ಲ.

ಉಳಿದದ್ದು ಒಂಬತ್ತನೇ ಹಾಡು, ಗೆಳೆಯ ಬಿಡದೇ ಇಟ್ಟುಕೊಂಡಿದ್ದ ಎರಡರಲ್ಲಿ ಒಂದು. ಇನ್ನೊಂದರಲ್ಲಿ ಬೀಟ್ ಬಿಟ್ಟರೆ ಏನೂ ಇಲ್ಲ. ಒಂಬತ್ತನೆಯದರಲ್ಲಿ ಚಿಕ್ಕಮಗಳೂರಿನ ಇನ್ನೊಬ್ಬ ರಾಪರ್ ಒಂದು ವರ್ಸ್ ಹಾಡಿದ್ದಾನೆ. ನಮ್ಮ ಹುಡುಗನದು ಹುಕ್ (ಪಲ್ಲವಿ) ಮಾತ್ರ, ಪೂರ್ತಿಯಾಗಿದೆ, ಆದರೆ "ಆಯ್ತು" ಎಂದ ಮಾತು ಎಲ್ಲಿಯೂ ಇಲ್ಲ. ಬಿಡೋಣ ಎಂದು ಚಿಕ್ಕಮಗಳೂರಿನವನು ಫೋನ್ ಮಾಡುತ್ತಲೇ ಇದ್ದಾನೆ, ಈ ಸಲ ಬೇಡ ಎನ್ನುತ್ತಿರುವವನು ಗೆಳೆಯ. ತಾಯಿ ಇನ್ನೂ ಸಹಿ ಹಾಕಿಲ್ಲ, ಅವಸರವೂ ಇಲ್ಲ. ಬರೆದವನು ಸತ್ತ ಮೇಲೆ ಮೊದಲ ಸಲ ಪ್ರಕಟವಾಗುವ ಪದಕ್ಕೆ 24ನೇ ಕಲಮಿನಡಿ 60 ವರ್ಷದ ಲೆಕ್ಕ ಶುರುವಾಗುವುದೇ ಪ್ರಕಟವಾದ ಮುಂದಿನ ವರ್ಷದಿಂದ. ಹಾಡಿದ ಧ್ವನಿಯ ಮೇಲಿನ ಹಕ್ಕು ಮಾತ್ರ ಹಾಗಲ್ಲ. ಅದರ 50 ವರ್ಷ ಹಾಡಿದ ಮರುವರ್ಷದಿಂದಲೇ ಎಣಿಕೆಯಾಗುತ್ತದೆ. ಇದನ್ನು ತಾಯಿಗೆ ಹೇಳಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ನೋಡೋಣ ಅಂದಿದ್ದಾರೆ.